ಲೆಕ್ಕಕ್ಕಿಲ್ಲದ ಆಟ

2024ನೆಯ ಇಸವಿಯ ಸೆಪ್ಟೆಂಬರ ತಿಂಗಳಿನಲ್ಲಿ ಒಂದು ದಿನ ವೃತ್ತಪತ್ರಿಕೆಯನ್ನು ಓದುತ್ತಿದ್ದಾಗ ಕ್ರಿಕೆಟ್ಟಿನ ಒಂದು ವಾರ್ತೆ ನಮ್ಮ ಕಣ್ಣಿಗೆ ಬಿದ್ದಿತು. ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ಗೋವಾ ತಂಡದ ಅರ್ಜುನ ತೆಂಡೂಲ್ಕರರು ಒಂದೇ ಪಂದ್ಯದಲ್ಲಿ 87 ರನ್ನುಗಳಿಗೆ 9 ವಿಕೆಟ್ಟುಗಳನ್ನು ಪಡೆದಿದ್ದರು. ಗೋವಾ ತಂಡದವರ 413 ರನ್ನುಗಳಿಗೆದುರಾಗಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಬಳಗವು 103 ಮತ್ತು 121 ರನ್ನುಗಳಿಗೆ ಮುಗಿದು, ಒಂದು ಸರದಿ ಮತ್ತು 189 ರನ್ನುಗಳಿಂದ ಸೋತಿತ್ತು. ಪ್ರಖ್ಯಾತ ತಂದೆಯ ಮಗನೆಂದು ಜನರೆಲ್ಲರೂ ಗೆದ್ದವರ ಮಾತನ್ನೇ ಆಡಿದರು. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಆಯುಷ್ಯವನ್ನು ಕಳೆದ ನಮಗೆ ಮಾತ್ರ ಸೋತ ಹುಡುಗರ ಚಿಂತೆ ಹತ್ತಿತು. ಅವರಲ್ಲಿ ಹೆಚ್ಚಿನವರು 19 ಮತ್ತು 23 ವರ್ಷದೊಳಗಿನ ತಂಡಗಳಿಂದ ಬಂದವರು. ಆ ರಾತ್ರಿ ಅವರು ಹೇಗೆ ಉಂಡರೋ, ಹೇಗೆ ಮಲಗಿದರೋ!

ಆ ಪಂದ್ಯಾವಳಿಗೆ, ಹಿಂದೆ ಮೈಸೂರು ತಂಡಕ್ಕೆ ಆಡಿದ್ದ ಕ್ಯಾಪ್ಟನ್ ಕೆ. ತಿಮ್ಮಪ್ಪಯ್ಯನವರ ಸ್ಮಾರಕವೆಂದು ಹೆಸರು. ರಣಜಿ ಪಂದ್ಯಗಳು ಆರಂಭವಾಗುವುದಕ್ಕೆ ಮುಂಚೆ ಹೊರರಾಜ್ಯಗಳ ತಂಡಗಳನ್ನು ಆಮಂತ್ರಿಸಿ ಇದನ್ನು ಆಡಿಸುವರು. ಆ ವರ್ಷದ ರಣಜಿ ಆರಂಭವಾದದ್ದು ಅಕ್ಟೋಬರ 11ರಂದು. ಸೆಪ್ಟೆಂಬರದ ಈ ಸೋಲು ಅದರ ಅಂಕಪಟ್ಟಿಗೆ ಸೇರುವುದಿಲ್ಲ. ಪಳಗಿದ ಆಟಗಾರರು ಮೈಯ ತುಕ್ಕನ್ನು ಕಳೆದುಕೊಳ್ಳಲಿ, ಎಳೆಯರು ದೊಡ್ಡವರ ಚೆಂಡನ್ನು ಒಮ್ಮೆ ಎದುರಿಸಿ ನೋಡಲಿ ಎಂಬುದೇ ಇದರ ಉದ್ದೇಶ.

ಸೋಲಿನ ಲೆಕ್ಕವನ್ನೇ ಹಿಡಿಯುವುದಾದರೆ ಮೈಸೂರು ತಂಡದ ಮೊದಲ ಪುಟವೇ ಬಲು ಕರಿದು. 1934ರ ನವೆಂಬರದಲ್ಲಿ ರಣಜಿಯ ಪ್ರಪ್ರಥಮ ಪಂದ್ಯವು ಮದರಾಸಿನಲ್ಲಿ ನಡೆದಾಗ ಮೈಸೂರಿನವರು 48 ಮತ್ತು 59ಕ್ಕೆ ಉರುಳಿದರು. ಪಂದ್ಯವು ಒಂದೇ ದಿನದಲ್ಲಿ ಮುಗಿಯಿತು! ಅದೇ ತಂಡವು ಕರ್ನಾಟಕವೆಂಬ ಹೆಸರನ್ನು ತಳೆದ 1973–74ರಲ್ಲಿ ಮೊದಲ ಸಲ ಗೆದ್ದು, 2014–15ರ ವೇಳೆಗೆ ಎಂಟು ಸಲ ಆ ಪಾರಿತೋಷಕವನ್ನು ಮನೆಗೆ ತಂದಿತು.

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇಲ್ಲಿ ಒಂದು ಮಾತು ನೆನಪಾಗದೆ ಇರದು. ‘ದಾ’ ಎಂಬ ಧಾತುವು ಇಮ್ಮಡಿಸಿ ‘ದದಾತಿ’ ಎಂದಾಗುವಾಗ, ಮುಂದೆ ಬಂದು ನಿಲ್ಲುವ ಮೊದಲ ‘ದ’ಕಾರಕ್ಕೆ ಪಾಣಿನಿಯು ಇಟ್ಟ ಹೆಸರು ‘ಅಭ್ಯಾಸ’. ದೀರ್ಘವಾಗಿದ್ದುದು ಅಲ್ಲಿ ಹ್ರಸ್ವವಾಗುತ್ತದೆ. ಅರ್ಥದ ಭಾರವನ್ನೆಲ್ಲ ಎರಡನೆಯದು ಹೊರುತ್ತದೆ. ಆದರೂ ಆ ಕುಂದಿದ ಅಕ್ಷರವಿಲ್ಲದೆ ಕ್ರಿಯಾಪದವು ಸಿದ್ಧಿಸದು. ಇದನ್ನು ನಾವು ತರಗತಿಯಲ್ಲಿ ಎಷ್ಟು ಸಲ ಬೋಧಿಸಿದ್ದೇವೆಯೋ ಲೆಕ್ಕವಿಲ್ಲ. ಬೋಧಿಸಿದುದನ್ನು ತಿಳಿದಿದ್ದೆವೆಂದು ಮಾತ್ರ ಹೇಳಲಾರೆವು.

ಇಪ್ಪತ್ತು ವರ್ಷಗಳಿಗೂ ಹಿಂದಿನ ಸಂಗತಿ. ಸುರಪುರದ ಸೀಮೆಯ ಒಂದು ಶಾಲೆಯಲ್ಲಿ ನಾವು ಸಂಸ್ಕೃತದ ಜೊತೆಗೆ ಕಬಡ್ಡಿ ತಂಡದ ಹೊಣೆಯನ್ನೂ ಹೊತ್ತಿದ್ದೆವು. (ಆಟದ ಮಾಸ್ತರರ ಜಾಗವು ಖಾಲಿಯಿದ್ದಿತು, ನಮ್ಮ ದೇಹವನ್ನು ನೋಡಿ ಯಾರೂ ಆ ಹೊಣೆಯನ್ನು ಕೊಟ್ಟಿರಲಾರರು.) ತಾಲೂಕಿನ ಕ್ರೀಡಾಕೂಟಕ್ಕೆ ವಾರವಿರುವಾಗ ಕಾಲೇಜಿನ ಹುಡುಗರನ್ನು ಕರೆಯಿಸಿ ನಮ್ಮವರೊಡನೆ ಆಡಿಸಿದೆವು. “ಈ ಆಟ ಲೆಕ್ಕಕ್ಕಿಲ್ಲ, ಹೆದರಬೇಡಿರಿ” ಎಂದು ಮಕ್ಕಳಿಗೆ ನಾವೇ ಹೇಳಿದ್ದೆವು. ಒಂಬತ್ತನೆಯ ತರಗತಿಯ ಒಬ್ಬ ಸಣಕಲು ಹುಡುಗ ಮೂರು ಸಲ ದಾಳಿಗೆ ಹೋದನು. ಮೂರು ಸಲವೂ ಸಿಕ್ಕಿಬಿದ್ದನು. ಮೂರನೆಯ ಸಲ ಮೀಸೆ ಬಂದ ನಾಲ್ವರ ಕೆಳಗಿನಿಂದ ಅವನ ಕೈ ನಡುಗೆರೆಗೆ ಗೇಣುದ್ದ ದೂರದವರೆಗೆ ಚಾಚಿದ್ದುದನ್ನು ಕಂಡೆವು. ಕಂಡೂ, ಆ ಸಂಜೆಯೇ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದೆವು. ತಾಲೂಕಿನಲ್ಲಿ ಸೋತರೆ ನಮ್ಮ ಮಾನ ಹೋಗುವುದೆಂಬ ಭಯ. ಅವನಿಲ್ಲದೆಯೂ ಸೋತೆವು, ಆ ಮಾತು ಬೇರೆ. ಮರುವರ್ಷ ಅವನು ಹತ್ತನೆಯ ತರಗತಿಗೆ ಬರಲಿಲ್ಲ. ಮನೆಯವರೊಡನೆ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋದನೆಂದು ತಿಳಿಯಿತು. ಈ ಕಡೆಯ ಎಷ್ಟೋ ಮಕ್ಕಳು ಹಾಗೆ ಹೋಗುವರು. ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲವೆಂದು ನಾವು ಬಹುಕಾಲ ಸಮಾಧಾನ ಹೇಳಿಕೊಂಡೆವು.

2025ರಲ್ಲಿ ಗೋಕುಲಾಷ್ಟಮಿಯ ತರುವಾಯ ವೇಣುಗೋಪಾಲಸ್ವಾಮಿಯ ಜಾತ್ರೆಗೆ ಹೋಗಿದ್ದೆವು. ಕಂಬವನ್ನೇರುವವರು ಮೇಲಿನಿಂದ ಸುರಿಯುವ ನೀರಿಗೆ ಜಾರಿ ಜಾರಿ ಬೀಳುತ್ತಿದ್ದರು. ಜನ ಕೇಕೆ ಹಾಕುತ್ತಿದ್ದರು. ಗುಂಪಿನಲ್ಲಿ ಯಾರೋ ಬಂದು ಕಾಲಿಗೆರಗಿದರು. ನೆರೆಗೂದಲು ಇಣುಕಿದ್ದರೂ ಗುರುತು ಹತ್ತಿತು. ಕುಶಲಪ್ರಶ್ನೆಗಳಾದವು. ಆಮೇಲೆ ಅವನು ಕಂಬದ ಕಡೆಗೇ ನೋಡುತ್ತ, ನಗುತ್ತಲೇ ಅಂದನು:

“ಆವತ್ತು ಆಟ ಲೆಕ್ಕಕ್ಕಿಲ್ಲ ಅಂದಿದ್ರಲ್ರೀ ಸರ್.”

ಅದರಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು. ‘ತಪ್ಪಾಯಿತು, ತಮ್ಮಾ’ ಎನ್ನಲು ಬಾಯಿ ತೆರೆದೆವು. ಅಷ್ಟರಲ್ಲಿ ಕಂಬದವನೊಬ್ಬ ಮತ್ತೆ ಜಾರಿ, ಗದ್ದಲದಲ್ಲಿ ಮಾತು ಮುಳುಗಿತು. ಕೇಳಿಸಿತೋ ಇಲ್ಲವೋ, ಅವನು ಪಕ್ಕದ ಹುಡುಗನನ್ನು ಮುಂದಕ್ಕೆ ತಂದು, “ನನ್ನ ಮಗ ರೀ, ಒಂಬತ್ತನೇತ್ತ. ಇವನಿಗೂ ಅದೇ ಹುಚ್ಚು. ನಾಳೆ ಸಂಜೀಕ ಕಾಲೇಜಿನವರ ಕೂಡ ಆಟ ಅದ” ಎಂದನು.

ಮರುದಿನ ಸಂಜೆ ಕೋಲನ್ನೂರಿಕೊಂಡು ಮೈದಾನಕ್ಕೆ ಹೋದೆವು. ಹಿರಿಯರೆಂದು ಕುರ್ಚಿ ಹಾಕಿ, ಅಂಕಗಳನ್ನು ಬರೆದುಕೊಳ್ಳಿರೆಂದು ಕಾಗದವನ್ನೂ ಪೆನ್ನನ್ನೂ ನಮ್ಮ ಕೈಗಿತ್ತರು. ನಾವು ಎರಡನ್ನೂ ಹಿಂದಿರುಗಿಸಿ, ಹುಡುಗರ ಆಟವನ್ನು ನೋಡುತ್ತ ಕುಳಿತೆವು.