ಕೆಂಪು ಟೈ, ಚಿನ್ನದ ಗೆರೆ

2010ರ ಮಾರ್ಚ್ 5, ಶುಕ್ರವಾರ ಬೆಳಿಗ್ಗೆ. ಶಿಕಾಗೋ ನಗರದ ದಕ್ಷಿಣ ಭಾಗದ ಹಾಲ್‌ಸ್ಟೆಡ್ ನಿಲ್ದಾಣದಲ್ಲಿ ನೀವು ರೈಲಿನಿಂದ ಇಳಿಯುತ್ತೀರಿ. ಇಲ್ಲಿ ಹಳಿಗಳು ನೆಲದ ಮೇಲಿಲ್ಲ, ಕಬ್ಬಿಣದ ಕಂಬಗಳ ಮೇಲಿವೆ. ಮೆಟ್ಟಿಲಿಳಿದರೆ 63ನೇ ಬೀದಿ. ಚಳಿ ಇನ್ನೂ ಬಿಟ್ಟಿಲ್ಲ. ಉಸಿರು ಹೊಗೆಯಾಗಿ ಹೊರಬೀಳುತ್ತಿದೆ. ಒಂದು ಕಾಲದಲ್ಲಿ ನಗರದ ನಡುಪೇಟೆಯನ್ನು ಬಿಟ್ಟರೆ ಅತಿ ಹೆಚ್ಚು ವ್ಯಾಪಾರ ನಡೆಯುತ್ತಿದ್ದದ್ದು ಈ ಚೌಕದಲ್ಲೇ. ಈಗ ಎರಡು ಕಟ್ಟಡಗಳ ನಡುವೆ ಹುಲ್ಲು ಬೆಳೆದ ಖಾಲಿ ನಿವೇಶನ, ಹಲಗೆ ಬಡಿದು ಮುಚ್ಚಿದ ಕಿಟಕಿ, ಮತ್ತೆ ಖಾಲಿ ನಿವೇಶನ. ಈ ಬಡಾವಣೆಯ ಹೆಸರು ಎಂಗಲ್‌ವುಡ್. 1960ರಲ್ಲಿ ಇಲ್ಲಿ 97 ಸಾವಿರಕ್ಕೂ ಹೆಚ್ಚು ಜನ ಇದ್ದರು. ಈ ವರ್ಷದ ಜನಗಣತಿ ಮುಗಿಯುವ ಹೊತ್ತಿಗೆ ಉಳಿದವರು ಸುಮಾರು 30 ಸಾವಿರ.

ಪೂರ್ವಕ್ಕೆ ಅರ್ಧ ಮೈಲಿ ನಡೆಯಿರಿ. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಹುಡುಗರು ನಿಮ್ಮನ್ನು ದಾಟಿ ಹೋಗುತ್ತಾರೆ. ಎಲ್ಲರೂ ಕಪ್ಪು ಹುಡುಗರು. ಎಲ್ಲರ ಮೈಮೇಲೂ ಕಪ್ಪು ಕೋಟು, ಖಾಕಿ ಪ್ಯಾಂಟು, ಕೊರಳಲ್ಲಿ ಕೆಂಪು ಟೈ. ಕೆಲವರು ನಗರದ ಇನ್ನೊಂದು ತುದಿಯಿಂದ ಬಸ್ಸು ರೈಲು ಬದಲಾಯಿಸುತ್ತ ಬಂದಿದ್ದಾರೆ. ಯಾವ ಬೀದಿ ಯಾವ ಗ್ಯಾಂಗಿನ ಹಿಡಿತದಲ್ಲಿದೆ, ಎಲ್ಲಿ ರಸ್ತೆ ದಾಟಬೇಕು, ಎಲ್ಲಿ ದಾಟಬಾರದು ಎಂಬುದು ಅವರಿಗೆ ಬಾಯಿಪಾಠ. ಇಂಥ ಬೀದಿಯಲ್ಲಿ ಕೋಟು, ಟೈ ಹಾಕಿ ನಡೆಯುವುದೇ ಧೈರ್ಯದ ಕೆಲಸ. ದೂರದಿಂದಲೇ ಕಣ್ಣಿಗೆ ಬೀಳುತ್ತಾರೆ, ಅಣಕಕ್ಕೂ ಗುರಿಯಾಗುತ್ತಾರೆ.

ಸ್ಟೀವರ್ಟ್ ಅವೆನ್ಯೂ ತಿರುವಿನಲ್ಲಿ ಶಾಲೆ. ಅರ್ಬನ್ ಪ್ರೆಪ್ ಅಕಾಡೆಮಿ: ಹುಡುಗರಿಗಷ್ಟೇ ಮೀಸಲಾದ, 9ರಿಂದ 12ನೇ ತರಗತಿವರೆಗಿನ ಪ್ರೌಢಶಾಲೆ. ಒಳಗೆ ಹೋಗುವ ಮುನ್ನ ಒಂದು ನಿಮಿಷ ನಿಲ್ಲಿ, ಈ ನೆಲಕ್ಕೆ ಅರ್ಬನ್ ಪ್ರೆಪ್‌ಗಿಂತ ಹಳೆಯ ಚರಿತ್ರೆಯಿದೆ. ಎಂಗಲ್‌ವುಡ್ ಹೈಸ್ಕೂಲ್ ಇದ್ದದ್ದು ಇಲ್ಲೇ. ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಕವಿ ಗ್ವೆಂಡೊಲಿನ್ ಬ್ರೂಕ್ಸ್ ಓದಿದ್ದು ಆ ಶಾಲೆಯಲ್ಲಿ. ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿಯೂ ಅಲ್ಲೇ ಓದಿದವರು. ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡ ತಪ್ಪಿಗೆ ಹ್ಯಾನ್ಸ್‌ಬೆರಿಯ ತಂದೆ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು; ಅದರ ತೀರ್ಪು ಬಂದದ್ದು 1940ರಲ್ಲಿ. ಮುಂದೆ ಬಿಳಿಯರು ಊರು ಬಿಟ್ಟರು, ಅಂಗಡಿಗಳು ಹೋದವು, ಕೆಲಸಗಳು ಹೋದವು. ಶಾಲೆಯ ಫಲಿತಾಂಶ ಕುಸಿಯುತ್ತ ಬಂತು, ಕೊನೆಗೆ ನಗರಾಡಳಿತ ಅದನ್ನು ಹಂತಹಂತವಾಗಿ ಮುಚ್ಚಿತು. ಬ್ರೂಕ್ಸ್‌ರಂಥವರನ್ನು ಓದಿಸಿದ ಶಾಲೆಯನ್ನು ಬರೀ ಅಂಕಪಟ್ಟಿ ನೋಡಿ ಮುಚ್ಚಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಅದು ಮುಚ್ಚುತ್ತಿದ್ದಾಗಲೇ, 2006ರಲ್ಲಿ, ಅರ್ಬನ್ ಪ್ರೆಪ್ ಬಾಗಿಲು ತೆರೆಯಿತು. ಸ್ಥಾಪಕ ಟಿಮ್ ಕಿಂಗ್. ಇದು ಚಾರ್ಟರ್ ಶಾಲೆ: ದುಡ್ಡು ಸರ್ಕಾರದ್ದು, ಆಡಳಿತ ಖಾಸಗಿಯವರದು, ಶುಲ್ಕವಿಲ್ಲ. ಪ್ರವೇಶ ಪರೀಕ್ಷೆಯೂ ಇಲ್ಲ, ಲಾಟರಿ ಎತ್ತುತ್ತಾರೆ. ಶಿಕಾಗೋದ ಸರ್ಕಾರಿ ಶಾಲೆಗಳಲ್ಲಿ 9ನೇ ತರಗತಿಗೆ ಸೇರುವ ನೂರು ಕಪ್ಪು ಹುಡುಗರಲ್ಲಿ ಮುಂದೆ ಪದವಿ ಮುಗಿಸುವವರು ಒಂದು ಕೈಬೆರಳುಗಳ ಲೆಕ್ಕವನ್ನು ಮೀರುವುದಿಲ್ಲ ಎಂದು ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಅಂದಾಜಿಸಿದ್ದೂ ಆ ವರ್ಷವೇ. ಅರ್ಬನ್ ಪ್ರೆಪ್‌ನ ಮೊದಲ ತಂಡ ಒಳಗೆ ಕಾಲಿಟ್ಟಾಗ ತನ್ನ ತರಗತಿಯ ಮಟ್ಟಕ್ಕೆ ಓದಬಲ್ಲವರು ನೂರಕ್ಕೆ ನಾಲ್ಕು ಮಂದಿ. ಉಳಿದ ತೊಂಬತ್ತಾರು ಮಂದಿಗೆ ಪಾಠದ ಪುಸ್ತಕವನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಕಷ್ಟವಾಗಿತ್ತು.

ಈಗ ಒಳಗೆ ಬನ್ನಿ. ಇಲ್ಲಿ ಯಾವ ಹುಡುಗನನ್ನೂ ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಹದಿನಾಲ್ಕರ ಪೋರನಿಗೂ 'ಮಿಸ್ಟರ್' ಸೇರಿಸಿ ಮನೆತನದ ಹೆಸರಿಂದಲೇ ಕರೆಯುತ್ತಾರೆ. ತಡವಾಗಿ ಬಂದವನನ್ನು ಗದರುವಾಗಲೂ ಅಷ್ಟೇ. ಮೊದಮೊದಲು ಇದು ನಾಟಕದಂತೆ ಕಾಣಬಹುದು. ಆದರೆ ರಸ್ತೆಯಲ್ಲಿ ಪೊಲೀಸರು ಇವರನ್ನು ಹೇಗೆ ಕರೆಯುತ್ತಾರೆಂದು ಬಲ್ಲವರು ಇದನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ದಿನ ಆರಂಭವಾಗುವುದು ಇಡೀ ಶಾಲೆ ಒಟ್ಟು ಸೇರುವ ಸಭೆಯಿಂದ. ಹುಡುಗರೆಲ್ಲ ಒಂದೇ ದನಿಯಲ್ಲಿ ಶಾಲೆಯ ಪ್ರತಿಜ್ಞೆ ಹೇಳುತ್ತಾರೆ. ನೂರಾರು ಗಂಡು ದನಿಗಳು, ಕೆಲವು ಇನ್ನೂ ಒಡೆಯದವು, ಕೆಲವು ಈಗಷ್ಟೇ ಒಡೆದವು, ಗೋಡೆಗೆ ಬಡಿದು ವಾಪಸು ಬರುತ್ತವೆ. ಇವತ್ತು ಆ ಸದ್ದಿನ ಕೆಳಗೆ ಇನ್ನೇನೋ ಚಡಪಡಿಕೆ ಇದೆ. ವೇದಿಕೆಯ ಬಳಿ ಮೇಯರ್ ರಿಚರ್ಡ್ ಡೇಲಿ ಇದ್ದಾರೆ, ನಗರದ ಶಾಲೆಗಳ ಮುಖ್ಯಸ್ಥ ರಾನ್ ಹ್ಯೂಬರ್‌ಮನ್ ಇದ್ದಾರೆ. ಅವರು ಬರುವ ಸುಳಿವು ಹುಡುಗರಿಗೆ ಇರಲಿಲ್ಲ.

12ನೇ ತರಗತಿಯವರ ಸಾಲುಗಳನ್ನು ಗಮನಿಸಿ. ಹೆಚ್ಚಿನವರ ಕೊರಳಲ್ಲಿರುವುದು ಬರೀ ಕೆಂಪು ಟೈ ಅಲ್ಲ, ಕೆಂಪಿನ ಮೇಲೆ ಚಿನ್ನದ ಬಣ್ಣದ ಗೆರೆಗಳಿವೆ. ನಾಲ್ಕು ವರ್ಷದ ಪದವಿ ಕಾಲೇಜೊಂದರಿಂದ ಪ್ರವೇಶಪತ್ರ ಬಂದವನಿಗೆ ಶಾಲೆ ಕೊಡುವ ಟೈ ಅದು. ತಿಂಗಳುಗಟ್ಟಲೆ ಹೀಗೆ ಒಬ್ಬೊಬ್ಬರದೇ ಬದಲಾಗುತ್ತ ಬಂದಿದೆ. ಇನ್ನೂ ಬರೀ ಕೆಂಪು ಟೈನಲ್ಲಿ ಉಳಿದವರು 13 ಮಂದಿ. ಗೆಳೆಯರ ಕೊರಳು ನೋಡುತ್ತ, ಅಂಚೆಗೆ ಕಾಯುತ್ತ ಅವರು ಕಳೆದ ದಿನಗಳನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ 13 ಮಂದಿಯ ಸರದಿ ಇವತ್ತು. ಒಬ್ಬ ಹಳೆಯ ಗಂಟಿನೊಳಗೆ ಬೆರಳು ತೂರಿಸಿ ಸಡಿಲಿಸುತ್ತಾನೆ, ಕೆಂಪು ಟೈಯನ್ನು ತಲೆಯ ಮೇಲಿಂದ ತೆಗೆಯುತ್ತಾನೆ. ಹೊಸದನ್ನು ಕಾಲರಿನ ಕೆಳಗೆ ಎಳೆದು, ಅಗಲದ ತುದಿಯನ್ನು ಒಮ್ಮೆ ಸುತ್ತಿ, ಮತ್ತೊಮ್ಮೆ ಸುತ್ತಿ, ಮೇಲಿಂದ ಇಳಿಸಿ ಬಿಗಿಯುತ್ತಾನೆ. ನಾಲ್ಕು ವರ್ಷ ದಿನವೂ ಕಟ್ಟಿದ ಕೈ, ಕನ್ನಡಿ ಬೇಕಿಲ್ಲ. ಸಭೆ ಎದ್ದು ನಿಂತು ಕೂಗುತ್ತದೆ. 107 ವಿದ್ಯಾರ್ಥಿಗಳು, 107 ಮಂದಿಗೂ ಪ್ರವೇಶ, ಒಟ್ಟು 72 ಕಾಲೇಜುಗಳಲ್ಲಿ. ನಾಳೆ ದೇಶದ ಪತ್ರಿಕೆಗಳಲ್ಲೆಲ್ಲ ಇದೇ ಸುದ್ದಿ: ನೂರಕ್ಕೆ ನೂರು.

ಶೇ. 100 ಫಲಿತಾಂಶ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಶಾಲೆಗಳ ಮುಂದೆ ಏಳುವ ಫ್ಲೆಕ್ಸುಗಳನ್ನು ನೋಡಿಯೇ ಬೆಳೆದವರು ನಾವು. ಹಾಗಾಗಿ ಕೇಳಬೇಕಾದ ಪ್ರಶ್ನೆಯೂ ಗೊತ್ತಿದೆ: ಸೇರಿದ್ದು ಎಷ್ಟು ಮಂದಿ? 2006ರಲ್ಲಿ ಈ ತಂಡದಲ್ಲಿದ್ದವರು 150ರ ಆಸುಪಾಸು. ನಡುವೆ ನಲವತ್ತಕ್ಕೂ ಹೆಚ್ಚು ಹುಡುಗರು ಇಲ್ಲಿಂದ ಹೋದರು. ಕೆಲವರ ಮನೆಯವರು ಊರು ಬದಲಾಯಿಸಿದರು, ಕೆಲವರನ್ನು ಶಾಲೆಯೇ ಹೊರಗೆ ಹಾಕಿತು. ಶಿಕ್ಷಣ ಇತಿಹಾಸಕಾರ್ತಿ ಡಯೇನ್ ರಾವಿಚ್ 2011ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇನ್ನೊಂದು ಅಂಕಿಯನ್ನೂ ಎತ್ತಿ ತೋರಿಸಿದರು. ರಾಜ್ಯದ ಪರೀಕ್ಷೆಯಲ್ಲಿ ಈ ಶಾಲೆಯಲ್ಲಿ ಪಾಸಾದವರು ಶೇ. 17 ಮಾತ್ರ. ಪವಾಡದ ಶಾಲೆಗಳ ಕಥೆಯನ್ನು ನಂಬುವ ಮೊದಲು ಲೆಕ್ಕ ಕೇಳಿ ಎಂಬುದು ಅವರ ವಾದ.

ವಾದ ನ್ಯಾಯವಾದದ್ದು. ನಾನು ಅವರ ಪಕ್ಷವೇ. ಹೋದ ಹುಡುಗರನ್ನು ಬಿಟ್ಟು ಮಾಡಿದ ಲೆಕ್ಕ ಪೂರ್ತಿ ಲೆಕ್ಕವಲ್ಲ, ಅವರೂ ಇದೇ ಕೋಟು ಹಾಕಿದವರು. ಆದರೆ ಪವಾಡ ಅಲ್ಲ ಎಂದಮಾತ್ರಕ್ಕೆ ಇಲ್ಲಿ ಏನೂ ಆಗಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಭೆ ಮುಗಿದ ಮೇಲೆ 9ನೇ ತರಗತಿಯವರ ಹಿಂದೆ ಹೋಗಿ ನೋಡಿ. ಇಂಗ್ಲಿಷ್ ಇಲ್ಲಿ ಇಮ್ಮಡಿ ಅವಧಿ. ಎಂಟು ವರ್ಷ ಶಾಲೆಗೆ ಹೋಗಿಯೂ ಓದು ಹತ್ತದ ಹುಡುಗ ಗಟ್ಟಿಯಾಗಿ ಓದಲು ಒಂದು ಸಾಲಿನಲ್ಲಿ ಮೂರು ಕಡೆ ತಡವರಿಸುತ್ತಾನೆ. ಯಾರೂ ನಗುವುದಿಲ್ಲ, ಯಾರೂ ಅವನ ಬದಲು ಓದಿ ಮುಗಿಸುವುದೂ ಇಲ್ಲ. ಸಾಲು ಮುಗಿಯುವವರೆಗೆ ಕಾಯುತ್ತಾರೆ. ಉಳಿದ ಶಾಲೆಗಳ ಮಕ್ಕಳು ಮನೆ ಸೇರಿದ ಮೇಲೂ ಇಲ್ಲಿ ಸುಮಾರು ಎರಡು ಗಂಟೆ ಪಾಠ ನಡೆಯುತ್ತದೆ, ಬಿಡುವುದು ಸಂಜೆ ನಾಲ್ಕೂವರೆಗೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದವನನ್ನು ಕಾಲೇಜಿನ ಬಾಗಿಲಿನವರೆಗೆ ಕೈಹಿಡಿದು ನಡೆಸುವುದು, ಅದೂ ಆ ಬಾಗಿಲು ತನಗಲ್ಲ ಎಂದೇ ಕೇಳುತ್ತ ಬೆಳೆದವನನ್ನು, ಸಣ್ಣ ಕೆಲಸವಲ್ಲ.

ಮುಂದೆ ಈ ಶಾಲೆಗೂ ಕಷ್ಟದ ದಿನಗಳು ಬಂದವು. ಹಣಕಾಸಿನ ನಿರ್ವಹಣೆಯೂ ಸೇರಿದಂತೆ ಹಲವು ಆಕ್ಷೇಪಗಳನ್ನು ಮುಂದಿಟ್ಟು 2022ರಲ್ಲಿ ಶಿಕಾಗೋ ಶಿಕ್ಷಣ ಮಂಡಳಿ ಚಾರ್ಟರ್ ಹಿಂತೆಗೆಯಲು ಹೊರಟಿತು, ಜಗಳ ಕೋರ್ಟಿಗೆ ಹೋಯಿತು. ದೊಡ್ಡವರ ತಪ್ಪಿಗೆ ಉತ್ತರ ಹೇಳಬೇಕಾದವರು ದೊಡ್ಡವರು. ಟೈ ಬದಲಾಯಿಸಿದ ಹುಡುಗರ ದುಡಿಮೆಯನ್ನು ಆ ಖಾತೆಗೆ ಸೇರಿಸಲಾಗದು.

ಇವತ್ತಿಗೆ ಮರಳಿ, ಕೌನ್ಸೆಲರ್ ಕೋಣೆಗೆ ಬನ್ನಿ. ಈಗಷ್ಟೇ ಚಿನ್ನದ ಗೆರೆಯ ಟೈ ಕಟ್ಟಿಕೊಂಡವನೊಬ್ಬ ಮೇಜಿನ ಮುಂದೆ ಕುಳಿತಿದ್ದಾನೆ. ಎದುರಿಗೆ ಕೇಂದ್ರ ಸರ್ಕಾರದ ಧನಸಹಾಯದ ಅರ್ಜಿ: ಮನೆಯವರ ಆದಾಯ, ತೆರಿಗೆ, ಮನೆಯಲ್ಲಿ ಎಷ್ಟು ಜನ. ಪ್ರವೇಶ ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ. ಎಷ್ಟೋ ಬಡ ಮನೆಯ ಮಕ್ಕಳು ಕಾಲೇಜು ಬಿಡುವುದು ಪಾಠ ತಲೆಗೆ ಹತ್ತದೆ ಅಲ್ಲ, ಎರಡನೇ ವರ್ಷದ ಶುಲ್ಕ ಹೊಂದಿಸಲಾಗದೆ. ಅರ್ಜಿಯ ಒಂದು ಖಾನೆಯ ಮೇಲೆ ಅವನ ಪೆನ್ನು ನಿಲ್ಲುತ್ತದೆ. ಕೌನ್ಸೆಲರ್ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತು, 'ಮಿಸ್ಟರ್' ಎಂದು ಕರೆದು, ಆ ಪ್ರಶ್ನೆಯನ್ನು ಮೊದಲಿಂದ ಓದಿಸುತ್ತಾರೆ.