ಮರದ ತೊಟ್ಟಿ, ಸ್ಟೀಲ್ ತೊಟ್ಟಿ

ಫ್ರಾನ್ಸಿನ ಓವರ್ನ್ಯ ಬೆಟ್ಟಸೀಮೆಯ ಸಾಲೇರ್ ಚೀಸ್. ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ, ಹಸುಗಳು ಹಸಿರು ಮೇಯುವಾಗ ಮಾತ್ರ ಇದನ್ನು ಮಾಡುತ್ತಾರೆ. ನೊರೆಹಾಲನ್ನು ಕಾಯಿಸದೆ ‘ಝೆರ್ಲ್’ ಎಂಬ ಮರದ ತೊಟ್ಟಿಗೆ ಸುರಿಯುತ್ತಾರೆ. ಗಟ್ಟಿಯಾಗಲು ರೆನೆಟ್ ಎಂಬ ಕಿಣ್ವ ಹಾಕುತ್ತಾರೆ, ಹೆಪ್ಪು ಹಾಕುವುದಿಲ್ಲ. ಮತ್ತೆ ಹುಳಿ ಎಲ್ಲಿಂದ ಬಂತು?

ಮರದಿಂದ. ತೊಟ್ಟಿಯ ಒಳಮೈಗೆ ಬ್ಯಾಕ್ಟೀರಿಯಾ, ಯೀಸ್ಟುಗಳ ಪದರವೊಂದು ಅಂಟಿಕೊಂಡಿರುತ್ತದೆ. ಹಾಲು ತಾಗಿದ ಕೆಲವೇ ನಿಮಿಷಗಳಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅದಕ್ಕೆ ಇಳಿಯುತ್ತವೆ. ಮೊಸರು ಬಳಿದ ಗಡಿಗೆಗೇ ಮತ್ತೆ ಹಾಲು ಹೊಯ್ದ ಹಾಗೆ.

ಆದರೆ ಒಳ್ಳೆಯವು ಸೇರುವ ಕಡೆ ಕೆಟ್ಟವೂ ಸೇರಬೇಕಲ್ಲ?

ಇದೇ ಅನುಮಾನ ಅಮೆರಿಕದ ಅಧಿಕಾರಿಗಳಿಗೂ ಬಂದಿತ್ತು. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚೀಸಿನಿಂದ ಲಿಸ್ಟೀರಿಯಾ ಸೋಂಕು ಹಬ್ಬಿ ಹಲವರು ಸತ್ತರು. ಆಮೇಲೆ ಕನೆಕ್ಟಿಕಟ್‌ನ ಮಠವೊಂದರಲ್ಲಿ ಚೀಸ್ ಮಾಡುತ್ತಿದ್ದ ಸನ್ಯಾಸಿನಿ ನೊಯೆಲ್ಲಾ ಮಾರ್ಸೆಲ್ಲಿನೊ ಅವರಿಗೆ, ಮರದ ಪೀಪಾಯಿ ಬಿಟ್ಟು ಸ್ಟೀಲ್ ಬಳಸಿ ಎಂದು ಸೂಚನೆ ಬಂತು. ಆಕೆ ವಾದಕ್ಕೆ ನಿಲ್ಲಲಿಲ್ಲ, ಪರೀಕ್ಷೆ ಮಾಡಿದರು. ಎರಡೂ ಪಾತ್ರೆಗಳ ಹಾಲಿಗೆ ಬೇಕೆಂದೇ ಇ. ಕೋಲೈ ಬ್ಯಾಕ್ಟೀರಿಯಾ ಬೆರೆಸಿದರು. ಸ್ಟೀಲಿನಲ್ಲಿ ಅದು ಹೆಚ್ಚಿತು. ಮರದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಏರಿಸಿ ಅದನ್ನು ಅಡಗಿಸಿದವು. ಮುಂದೆ ಆಕೆ ಸೂಕ್ಷ್ಮಜೀವಿ ವಿಜ್ಞಾನದಲ್ಲೇ ಡಾಕ್ಟರೇಟ್ ಪಡೆದರು.

ಪಾತ್ರೆ ಬದಲಾದರೆ ಚೀಸೂ ಬದಲಾಗುತ್ತದೆ ಎಂಬುದಕ್ಕೆ ಮತ್ತೊಂದು ಸಾಕ್ಷಿ, ಎಮೆಂಟಾಲ್ ಚೀಸಿನ ತೂತುಗಳು. ಪ್ರೊಪಿಯೋನಿಕ್ ಬ್ಯಾಕ್ಟೀರಿಯಾ ಬಿಡುವ ಇಂಗಾಲದ ಡೈಆಕ್ಸೈಡ್ ಅವಕ್ಕೆ ಕಾರಣ. ಬ್ಯಾಕ್ಟೀರಿಯಾ ಇದ್ದರೂ ಈಚೆಗೆ ತೂತು ಕಡಿಮೆಯಾಗುತ್ತಿತ್ತು. ಸ್ವಿಟ್ಜರ್ಲೆಂಡಿನ ಅಗ್ರೋಸ್ಕೋಪ್ ಸಂಸ್ಥೆ 2015ರಲ್ಲಿ ಕೊಟ್ಟ ಉತ್ತರ: ತೆರೆದ ಬಕೆಟ್ಟಿಗೆ ಕರೆಯುವಾಗ ಹಾಲಿಗೆ ಬೀಳುತ್ತಿದ್ದ ಒಣಹುಲ್ಲಿನ ಸೂಕ್ಷ್ಮ ಕಣಗಳು, ಮುಚ್ಚಿದ ಯಂತ್ರಗಳು ಬಂದ ಮೇಲೆ ಬೀಳುತ್ತಿಲ್ಲ. ಅನಿಲ ಗುಳ್ಳೆ ಕಟ್ಟಲು ಆ ಕಣವೇ ನೆಲೆ.

ನೆಲಮಾಳಿಗೆಯಲ್ಲಿ ಮಾಗುವ ಚೀಸಿನ ಹೊರಪದರದ್ದು ಇನ್ನೊಂದು ಒಗಟು. 2014ರಲ್ಲಿ 10 ದೇಶಗಳ 137 ಚೀಸುಗಳನ್ನು ಪರೀಕ್ಷಿಸಿದಾಗ, ಅಲ್ಲಿ ಯಾವ ಜೀವಿಗಳಿರುತ್ತವೆ ಎಂಬುದನ್ನು ಊರಿಗಿಂತ ಹೆಚ್ಚಾಗಿ ತೇವಾಂಶ ನಿರ್ಧರಿಸುತ್ತದೆ ಎಂದು ಕಂಡಿತು. ಸಮುದ್ರದಲ್ಲಿರುವಂಥ ಬ್ಯಾಕ್ಟೀರಿಯಾ ಕೂಡ ಸಿಕ್ಕವು. ಉಪ್ಪಿನೊಂದಿಗೆ ಬಂದಿರಬಹುದೇ?

ಹಾಗೆಂದು ಎಲ್ಲ ಹಸಿಹಾಲೂ ಕ್ಷೇಮವೆಂದು ನಂಬಬೇಡಿ. ಗರ್ಭಿಣಿಯರಿಗೆ ಹಸಿಹಾಲಿನ ಮೆದು ಚೀಸ್ ಬೇಡವೆಂದು ವೈದ್ಯರು ಇಂದಿಗೂ ಹೇಳುವುದು ಲಿಸ್ಟೀರಿಯಾ ಕಾರಣಕ್ಕೇ. ಆದರೆ ಹಳೆಯ ತೊಟ್ಟಿಯನ್ನು ಹೊರಗೆಸೆಯುವ ಮುನ್ನ ಆ ಸನ್ಯಾಸಿನಿಯಂತೆ ಒಮ್ಮೆ ಪರೀಕ್ಷಿಸಿ ನೋಡಿ.