ಸದ್ದು ಯಾರ ಸೊತ್ತು?

ಮೋಟಾರು ಸೈಕಲ್ಲಿನ ಹಿಂಬದಿಗೆ ಚಾಚಿಕೊಂಡಿರುವ ಕೊಳವೆಗೆ ಸೈಲೆನ್ಸರ್ ಎಂದು ಹೆಸರಿಟ್ಟವರು ಅರ್ಥವರಿತೇ ಇಟ್ಟಿರಬೇಕು. ಸದ್ದಡಗಿಸುವುದು ಅದರ ಕುಲಧರ್ಮ. ಆದರೆ ಹಣ ಕೊಟ್ಟು ಬೇರೆಯೊಂದು ಸೈಲೆನ್ಸರನ್ನು ಕೊಳ್ಳಹೊರಡುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಸದ್ದಡಗಿಸುವ ಸೈಲೆನ್ಸರಲ್ಲ, ಸದ್ದು ಮಾಡುವ ಸೈಲೆನ್ಸರು! ಕೊಡೆಯಂಗಡಿಗೆ ಹೋಗಿ, "ಚೆನ್ನಾಗಿ ನೆನೆಸುವ ಕೊಡೆಯೊಂದನ್ನು ಕೊಡಿ" ಎಂದು ಕೇಳಿದವನನ್ನು ಅಂಗಡಿಯಾತ ಅಡಿಯಿಂದ ಮುಡಿಯವರೆಗೆ ನೋಡಿಯಾನು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ, "ಚೆನ್ನಾಗಿ ಗುಡುಗುವ ಸೈಲೆನ್ಸರ್ ಕೊಡಿ" ಎಂದವನಿಗಾದರೋ ಕೂರಲು ಸ್ಟೂಲು ದೊರೆಯುತ್ತದೆ.

ಹೆಸರುಗಳೂ ಬಗೆಬಗೆಯವು: ಗೋಲ್ಡ್ ಸ್ಟಾರ್, ಡಾಲ್ಫಿನ್, ಇಂದೋರಿ, ಪಂಜಾಬ್, ಶಾರ್ಟ್ ಬಾಟಲ್. ಸಂಗೀತಗಾರರಿಗಿರುವಂತೆ ಇವುಗಳಿಗೂ ಒಂದೊಂದು ಬಾನಿಯುಂಟು. ಬಲ್ಲವರು ಗಾಡಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಸದ್ದಿನಿಂದ ಕೊಳವೆಯ ಕುಲಗೋತ್ರವನ್ನು ಹೇಳಿಬಿಡುತ್ತಾರೆ.

ಮೈಸೂರಿನ ಕುವೆಂಪುನಗರದ ತರುಣನೊಬ್ಬನು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ವರ್ಷವೇ 350 ಸಿ.ಸಿ.ಯ ಹಳೆಯ ಬುಲೆಟ್ ಒಂದನ್ನು ಕೊಂಡನು. ಆರು ತಿಂಗಳಲ್ಲಿ ಅದಕ್ಕೊಂದು ಹೊಸ ಸೈಲೆನ್ಸರನ್ನೂ ತಂದನು. ಅದನ್ನು ತಾನೇ ಜೋಡಿಸಬೇಕೆಂಬುದು ಅವನ ಹಟ. ಅದುವರೆಗೆ ಅವನು ಸ್ವಹಸ್ತದಿಂದ ಬಿಚ್ಚಿದ ಯಂತ್ರವೆಂದರೆ ಅಡಿಗೆಮನೆಯ ಮಿಕ್ಸಿಯೊಂದೇ. ಅದನ್ನು ಮತ್ತೆ ಜೋಡಿಸಿದವನು ಅಂಗಡಿಯವನು. ಆದರೆ 'ಸ್ಲಿಪ್ ಆನ್' ಎಂಬ ಹೆಸರೇ ಅವನಿಗೆ ಧೈರ್ಯ ಕೊಟ್ಟಿತ್ತು. ಎಂಜಿನ್ನಿನಿಂದ ಬಾಗಿ ಬರುವ ಬೆಂಡ್ ಪೈಪನ್ನು ಮುಟ್ಟಬೇಕಾಗಿಲ್ಲ. ಅದರ ತುದಿಯಿಂದ ಹಳೆಯದನ್ನು ಕಳಚಿ, ಕಾಲಿಗೆ ಚಪ್ಪಲಿ ಮೆಟ್ಟಿದಂತೆ ಹೊಸದನ್ನು ತೊಡಿಸಿದರಾಯಿತು. ಒಂದು ಕ್ಲಾಂಪು, ಒಂದೆರಡು ಬೋಲ್ಟು, ಅರ್ಧ ಗಂಟೆಯ ಕೆಲಸವೆಂದು ಮಾರಿದವನು ಹೇಳಿದ್ದನು. ಅಂಗಡಿಯವರ ಅರ್ಧ ಗಂಟೆಯೂ ದರ್ಜಿಗಳ 'ನಾಳೆ'ಯೂ ಒಂದೇ ಪಂಚಾಂಗಕ್ಕೆ ಸೇರಿದವೆಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಕೊಳವೆಯೊಳಗೆ ನಡೆಯುವುದೇನು ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸಿಲಿಂಡರಿನಲ್ಲಿ ಪೆಟ್ರೋಲು ಉರಿದು ಪಿಸ್ಟನ್ನನ್ನು ನೂಕಿದ ಮೇಲೂ ಬಿಸಿ ಅನಿಲದಲ್ಲಿ ಬಹಳ ಒತ್ತಡ ಉಳಿದಿರುತ್ತದೆ. ಕವಾಟ ತೆರೆದೊಡನೆ ಅದು ಹೊರಕ್ಕೆ ಸಿಡಿಯುತ್ತದೆ. ಆ ಸಿಡಿತವೇ ಸದ್ದು. ಬುಲೆಟ್ಟಿನಂಥ ಒಂದು ಸಿಲಿಂಡರಿನ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಇದು ನಡೆಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸಿಡಿತ. ನಿಂತಲ್ಲೇ 1000 ಸುತ್ತಿನಲ್ಲಿ ಗುನುಗುವಾಗ ಸುಮಾರು ಎಂಟು. ಆ ಎಂಟನ್ನು ಕಿವಿ ಬಿಡಿಬಿಡಿಯಾಗಿ ಗುರುತಿಸಬಲ್ಲುದು; 'ಡುಗು ಡುಗು' ಎಂಬ ಮೋಹಕ ತಾಳ ಹುಟ್ಟುವುದು ಹೀಗೆ. ಅಮೆರಿಕದ ಮಿಲ್ಟನ್ ರೀವ್ಸ್ ಮತ್ತು ಆತನ ಸೋದರ ಎಂಜಿನ್ನಿನ ಸದ್ದಡಗಿಸುವ ಸಾಧನಕ್ಕೆ 1897ರಲ್ಲಿಯೇ ಪೇಟೆಂಟ್ ಪಡೆದರು. ಗಾಡಿಯೊಡನೆ ಬರುವ ಸೈಲೆನ್ಸರಿನಲ್ಲಿ ಕೋಣೆಗಳೂ ತೂತಿನ ಕೊಳವೆಗಳೂ ಇರುತ್ತವೆ. ಸದ್ದಿನ ಅಲೆಗಳು ಅಲ್ಲಿ ಗೋಡೆಯಿಂದ ಗೋಡೆಗೆ ಬಡಿದು, ಒಂದನ್ನೊಂದು ಅಡಗಿಸಿ, ದಣಿದು ಹೊರಬೀಳುತ್ತವೆ. ಅಂಗಡಿಯ ಸ್ಲಿಪ್ ಆನ್‌ಗಳಲ್ಲಿ ಬಹಳಷ್ಟರೊಳಗೆ ಇರುವುದು ನೇರವಾದ ಒಂದು ತೂತಿನ ಕೊಳವೆ, ಅದರ ಸುತ್ತ ಗಾಜಿನ ನಾರಿನ ಹೊದಿಕೆ, ಇಷ್ಟೇ. ಕೆಲವಕ್ಕೆ ಹೊದಿಕೆಯೂ ಇಲ್ಲ. ಇದ್ದರೂ ಕಾಲಕ್ರಮದಲ್ಲಿ ಅದು ಸುಟ್ಟು ಸವೆಯುತ್ತದೆ; ಸದ್ದು ವರ್ಷದಿಂದ ವರ್ಷಕ್ಕೆ ಏರುತ್ತದೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕೆಲಸ ಆರಂಭವಾಯಿತು. ರಾತ್ರಿಯೆಲ್ಲ ನಿಂತ ಗಾಡಿ ತಣ್ಣಗಿತ್ತು. ಓಡಿಸಿ ಬಂದ ಕೂಡಲೇ ಈ ಕೆಲಸಕ್ಕೆ ಕೈಹಾಕುವವನಿಗೆ ಬೊಬ್ಬೆಗಳೇ ಪ್ರತಿಫಲ. ಚಾಸಿಗೆ ಹಿಡಿದಿದ್ದ ಬೋಲ್ಟು ಸುಲಭವಾಗಿ ಬಂದಿತು. ಕ್ಲಾಂಪಿನ ಬೋಲ್ಟು ಮಾತ್ರ ಹತ್ತು ಮಳೆಗಾಲಗಳ ತುಕ್ಕನ್ನು ಹೊದ್ದು ಗಟ್ಟಿಯಾಗಿ ಕುಳಿತಿತ್ತು. ತರುಣನು ಸ್ಪ್ಯಾನರಿಗೆ ಮೈಭಾರವನ್ನೆಲ್ಲ ಹಾಕಿದನು. ಬೋಲ್ಟಿನ ಮೂಲೆಗಳು ಸವೆಯತೊಡಗಿದುವೇ ಹೊರತು ಅದು ಅಲುಗಲಿಲ್ಲ.

ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದ ತಂದೆ ತಲೆಯೆತ್ತಿದರು. ಅವರು ತಮ್ಮ ಯೌವನದಲ್ಲಿ ಯೆಜ್ಡಿ ಓಡಿಸಿದವರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದಾಗ, ಅಲ್ಲಿ ಕೆಲಸಕ್ಕಿದ್ದವರಷ್ಟೇ ಮರುಗಿದ ಮೈಸೂರಿಗರಲ್ಲಿ ಅವರೂ ಒಬ್ಬರು. ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ ಆ ಎರಡು ಸ್ಟ್ರೋಕಿನ ಗಾಡಿಯ ಎರಡು ಬದಿಗೂ ಒಂದೊಂದು ಸೈಲೆನ್ಸರು. ಒಳಗೆ ಮಸಿ ಕಟ್ಟಿದರೆ ಗಾಡಿಗೆ ಉಬ್ಬಸ. ಆದ್ದರಿಂದ ಆಗಾಗ ಬಿಚ್ಚಿ, ಒಳಗಿನ ಕೊಳವೆಯನ್ನು ತೆಗೆದು, ಮಸಿ ಕೆರೆಯಲೇಬೇಕು. ಆ ತಲೆಮಾರಿನವರು ಸೈಲೆನ್ಸರು ಬಿಚ್ಚಿದ್ದು ಗಾಡಿಯ ಉಸಿರಿಗಾಗಿ.

"ಅದರ ಮೇಲೆ ಯಾಕೋ ಜಿದ್ದು ಸಾಧಿಸ್ತೀಯ? ತುಕ್ಕು ಬಿಡಿಸೋ ಎಣ್ಣೆ ಹಾಕಿ, ಕಾಫಿ ಕುಡಿದು ಬಾ" ಎಂದರು ತಂದೆ.

"ಕೂಡಲೇ ಬಿಡೋದಿಲ್ಲವಾ, ಅಪ್ಪಾ?"

"ನೀನು ಕೂಡಲೇ ಬಿಟ್ಟರೆ ಅದೂ ಬಿಡುತ್ತೆ."

ಕಾಫಿಯ ಜೊತೆಗೆ ಉಪ್ಪಿಟ್ಟೂ ಮುಗಿಯಿತು. ಎಣ್ಣೆ ತುಕ್ಕಿನೊಳಕ್ಕೆ ಇಳಿದಿತ್ತು. ಈ ಸಲ ಬೋಲ್ಟು ಕಿರುಗುಟ್ಟಿ, ಬಳಿಕ ಸೌಮ್ಯವಾಗಿ ತಿರುಗಿತು. ಸೈಲೆನ್ಸರನ್ನು ನೇರವಾಗಿ ಎಳೆಯದೆ, ಎಡಕ್ಕೂ ಬಲಕ್ಕೂ ಹೊರಳಿಸುತ್ತ ಹಿಂದಕ್ಕೆ ತೆಗೆಯಬೇಕೆಂಬುದನ್ನು ಕೈಗಳು ತಾವಾಗಿಯೇ ಕಲಿತವು. ತರುಣನು ಬೆಂಡ್ ಪೈಪಿನ ತುದಿಯನ್ನು ಎಮರಿ ಕಾಗದದಿಂದ ಉಜ್ಜಿ, ಹೊಸ ಪ್ಯಾಕಿಂಗ್ ಇರಿಸಿ, ಹೊಸ ಸೈಲೆನ್ಸರನ್ನು ತೊಡಿಸಿದನು. ಹೊಸಬರೆಲ್ಲರೂ ಎಡವುವ ಜಾಗ ಇದು. ಒಂದು ಬೋಲ್ಟನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಆ ಇನ್ನೊಂದರ ತೂತು ಅರ್ಧ ಬೆರಳು ಆಚೆಗಿರುತ್ತದೆ. ಎಲ್ಲವನ್ನೂ ಮೊದಲು ಬೆರಳಿನಲ್ಲೇ ತಿರುಗಿಸಿ, ಕೊಳವೆ ಚಕ್ರಕ್ಕೂ ಚಾಸಿಗೂ ತಾಗದೆ ನೆಟ್ಟಗಿದೆಯೇ ಎಂದು ಹಿಂದಿನಿಂದ ನೋಡಿ, ಆಮೇಲೆ ಒಂದೊಂದನ್ನೇ ಸರದಿಯಂತೆ ಬಿಗಿಯಬೇಕು. ಕಡೆಯಲ್ಲಿ ಕೈಯ ಜಿಡ್ಡಿನ ಗುರುತುಗಳನ್ನು ಒರೆಸಿ ತೆಗೆಯಬೇಕು. ಇಲ್ಲವಾದರೆ ಬಿಸಿಯಾದಾಗ ಆ ಬೆರಳಚ್ಚುಗಳು ಲೋಹದ ಮೇಲೆ ಕಲೆಯಾಗಿ ನಿಲ್ಲುತ್ತವೆ.

ಹತ್ತೂವರೆಗೆ ಗಾಡಿ ಗುಡುಗಿತು. ತೆಂಗಿನ ಮರದ ಕಾಗೆಗಳು ಹಾರಿಹೋದವು. ತರುಣನ ಮುಖದಲ್ಲಿ ಮೂಡಿದ ಹರ್ಷವನ್ನು ಹಗುರವಾಗಿ ಕಾಣಬಾರದು. ಹಗಲೆಲ್ಲ ಇತರರ ಲೆಕ್ಕ ಬರೆಯುವ ಕೈಗಳಿಂದ ಮಾಡಿದ ಒಂದು ಕೆಲಸ ಕಣ್ಣೆದುರಿಗೆ ನಿಂತು ಉತ್ತರ ಕೊಟ್ಟಿತ್ತು.

ತಾಯಿ ಸೆರಗಿನಿಂದ ಕೈಯೊರಸುತ್ತ ಬಂದರು. "ಪೊಲೀಸಿನವರು ಇಂಥವನ್ನೆಲ್ಲ ಸಾಲಾಗಿಟ್ಟು ಮೇಲೆ ರೋಡ್ ರೋಲರ್ ಹತ್ತಿಸಿದರಂತೆ. ಪೇಪರಿನಲ್ಲಿ ಚಿತ್ರ ಬಂದಿತ್ತಲ್ಲೋ!"

ತಾಯಿಯ ಮಾತು ಸುಳ್ಳಲ್ಲ. ಕರ್ನಾಟಕದ ಹಲವು ಊರುಗಳಲ್ಲಿ ಹೀಗೆ ನಡೆದದ್ದುಂಟು. ಗಾಡಿಯ ಸದ್ದನ್ನು ಸಾಧ್ಯವಾದಷ್ಟೂ ತಗ್ಗಿಸುವ ಸೈಲೆನ್ಸರು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಸದ್ದಿನ ಮಾನದಂಡ ಮೀರಿ ಗಾಡಿ ಓಡಿಸಿದವನಿಗೆ, 2019ರ ತಿದ್ದುಪಡಿಯ ಬಳಿಕ, ಮೊದಲ ತಪ್ಪಿಗೇ 10,000 ರೂಪಾಯಿಯವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಲೈಸೆನ್ಸೂ ಮೂರು ತಿಂಗಳು ಕೈತಪ್ಪುತ್ತದೆ. 2005ರ ಮಿತಿಯಂತೆ 175 ಸಿ.ಸಿ.ಗೆ ಮೇಲ್ಪಟ್ಟ ಬೈಕು ಕಾರ್ಖಾನೆಯಿಂದ ಹೊರಬರುವಾಗ ಅದರ ಸದ್ದು 80 ಡೆಸಿಬಲ್ ಮೀರುವಂತಿರಲಿಲ್ಲ. ಎಂಬತ್ತು ತೊಂಬತ್ತಾದರೆ ಹತ್ತೇ ತಾನೆ ಎನ್ನುವಂತಿಲ್ಲ. ಡೆಸಿಬಲ್ಲಿನ ಲೆಕ್ಕದಲ್ಲಿ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಕಿವಿಗೆ ಸುಮಾರು ಎರಡು ಪಟ್ಟು.

"ಸದ್ದಿದ್ದರೆ ಎದುರಿನವರು ಎಚ್ಚರವಾಗಿರ್ತಾರಮ್ಮ, ಅಪಘಾತ ತಪ್ಪುತ್ತೆ" ಎಂದನು ಮಗ. ಸವಾರರೆಲ್ಲರ ವಾದ ಇದು. ಆದರೆ ಕೊಳವೆಯ ಬಾಯಿ ಇರುವುದು ಹಿಂದಕ್ಕೆ. ಅಪಾಯ ಬರುವುದು ಹೆಚ್ಚಾಗಿ ಮುಂದಿನಿಂದ.

ತಂದೆ ವಾದಕ್ಕಿಳಿಯಲಿಲ್ಲ. ಹೆಲ್ಮೆಟ್ಟನ್ನು ಕೈಗೆತ್ತಿಕೊಂಡರು. "ಕೀಲಿ ಕೊಡು. ನಾನೊಂದು ಸುತ್ತು ಹೋಗಿ ಬರ್ತೀನಿ. ನೀನು ಗೇಟಿನ ಹತ್ತಿರ ನಿಂತಿರು."

ಗಾಡಿ ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಯಿತು. ಸದ್ದು ಮಾತ್ರ ಮರೆಯಾಗಲಿಲ್ಲ. ಎರಡು ಸಾಲು ಮನೆಗಳ ಗೋಡೆಗಳಿಗೆ ಬಡಿದು ಇಮ್ಮಡಿಯಾಗುತ್ತ ಹಿಂದಿನ ಬೀದಿಯಿಂದಲೂ ಕೇಳಿಬರುತ್ತಿತ್ತು. ಸವಾರನಿಗೆ ಗಾಳಿಯೂ ಹೆಲ್ಮೆಟ್ಟೂ ಅಡ್ಡ. ತಾನೆಬ್ಬಿಸಿದ ಸದ್ದನ್ನು ಅವನು ಹಿಂದೆ ಬಿಟ್ಟು ಮುಂದೆ ಹೋಗಿರುತ್ತಾನೆ. ನಿಂತವನಿಗೆ ಹೋಗಲು ಜಾಗವಿಲ್ಲ. ತರುಣನು ತನ್ನ ಗಾಡಿಯನ್ನು ನಿಂತವನಾಗಿ ಕೇಳಿದ್ದು ಅದೇ ಮೊದಲು. ಗಾಡಿ ಮತ್ತೆ ಬೀದಿಗೆ ತಿರುಗಿದಾಗ ಎದುರು ಮನೆಯ ತೊಟ್ಟಿಲಲ್ಲಿ ಮಗು ಬೆಚ್ಚಿ ಅತ್ತಿತು. ಬಾಣಂತಿ ಕಿಟಕಿಯ ಬಳಿಗೆ ಬಂದಳು. ಬೈಯಲಿಲ್ಲ, ದುರುಗುಟ್ಟಿ ನೋಡಲೂ ಇಲ್ಲ; ಕಿಟಕಿಯ ಬಾಗಿಲುಗಳನ್ನು ಎಳೆದುಕೊಂಡು ಚಿಲಕ ಹಾಕಿದಳು. ಬೈದಿದ್ದರೆ ಅವನಿಗೆ ಎದುರುತ್ತರ ಹೊಳೆಯುತ್ತಿತ್ತು.

ತಂದೆ ಗಾಡಿ ನಿಲ್ಲಿಸಿ ಇಳಿದರು. "ಕೆಲಸ ಅಚ್ಚುಕಟ್ಟಾಗಿ ಮಾಡಿದ್ದೀಯ ಕಣೋ. ಜಾಯಿಂಟಿನಲ್ಲಿ ಹೊಗೆ ಒಂದಿಷ್ಟೂ ಸೋರ್ತಾ ಇಲ್ಲ. ನಾಲ್ಕು ದಿನ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಂದು ಸಲ ಬಿಗಿ ನೋಡು" ಎಂದರು. ಸದ್ದಿನ ವಿಷಯ ಅವರೂ ಎತ್ತಲಿಲ್ಲ, ಮಗನೂ ಕೇಳಲಿಲ್ಲ.

ಮುಂದಿನ ಭಾನುವಾರ ಸ್ಪ್ಯಾನರು ಮತ್ತೆ ಹೊರಬಂದಿತು. ಬೋಲ್ಟು ಬಿಗಿಯಲೆಂದು ತಾಯಿ ತಿಳಿದರು. ಹಳೆಯ ಸೈಲೆನ್ಸರನ್ನು ಒರೆಸಿ, ಬೋಲ್ಟುಗಳ ಮರೆಗೆ ಗ್ರೀಸು ಹಚ್ಚಿ, ತರುಣನು ಇಪ್ಪತ್ತೈದು ನಿಮಿಷಗಳಲ್ಲಿ ಅದನ್ನು ಸ್ವಸ್ಥಾನಕ್ಕೆ ಸೇರಿಸಿದನು. ಅಂಗಡಿಯವನು ಹೇಳಿದ ಅರ್ಧ ಗಂಟೆ ಕಡೆಗೂ ನಿಜವಾಗಿತ್ತು. ಆ ಕೈಗಳಿಗೆ ಈಗ ಕೆಲಸ ಗೊತ್ತು. ಹೊಸ ಸೈಲೆನ್ಸರು ಹಳೆಯ ಪಂಚೆಯೊಂದರಲ್ಲಿ ಸುತ್ತಿಸಿಕೊಂಡು, ಅಟ್ಟದ ಮೇಲೆ ದಸರಾ ಗೊಂಬೆಗಳ ಪೆಟ್ಟಿಗೆಯ ಪಕ್ಕದಲ್ಲಿ ಮಲಗಿದೆ. ತನ್ನ ಹೆಸರಿಗೆ ತಕ್ಕಂತೆ ಅದು ನಡೆದುಕೊಂಡದ್ದು ಅಲ್ಲಿಯೇ.